ನೆಲಕ್ಕೆ ಹೇಳುವ ಮಾತು

ದುರುಗಮ್ಮನಿಗೆ ಇಂಗ್ಲಿಷ್ ಕಲಿಸಿದವರು ಆಸ್ಪತ್ರೆಯವರೇ. ಕಲಿಸಿದ ಮೂರನೇ ವಾರಕ್ಕೆ ಗೇಟಿನ ಹೊರಗೆ ಹಾಕಿದವರೂ ಅವರೇ.

ದಾವಣಗೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಕಸ ಹೊಡೆದು ನೆಲ ಒರೆಸುವ ಹೆಂಗಸರು ಹದಿನೇಳು ಜನ. ಎಲ್ಲರೂ ಏಜೆನ್ಸಿ ಮೇಲೆ ಬಂದವರು. ಏಜೆನ್ಸಿಯ ಅರ್ಜಿಯಲ್ಲಿ ಜಾತಿ ಕೇಳುವ ಜಾಗವೇ ಇರಲಿಲ್ಲ. ಆದರೂ ಹದಿನೇಳರಲ್ಲಿ ಹದಿನಾರು ಜನ ಮಾದಿಗರ ಕೇರಿಯಿಂದ ಬಂದವರು. ಅದು ಹೆಂಗೆ ಹಾಗಾಯಿತು ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ದುರುಗಮ್ಮ, ಅವಳ ತಾಯಿಯ ತಂಗಿ ಗಿರಿಯಮ್ಮ ಇಬ್ಬರೂ ಹರಿಹರದವರು. ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿಯಬೇಕು. ಆರೂವರೆಗೆ ನೀಲಿ ಕೋಟು ಹಾಕಿಕೊಂಡು ಬಕೆಟ್ಟು ಎತ್ತಬೇಕು. ಲಿಫ್ಟು ಹತ್ತುವಂತಿಲ್ಲ, ಅದು ಪೇಷಂಟುಗಳಿಗೆ, ಡಾಕ್ಟರುಗಳಿಗೆ. ತುಂಬಿದ ಬಕೆಟ್ಟು ಎರಡು ಕೈಯಲ್ಲಿ ಹಿಡಿದು ಮೂರು ಮಹಡಿ ಮೆಟ್ಟಿಲು. ರಕ್ತ, ವಾಂತಿ, ಕಕ್ಕಸು. ಬ್ಲೀಚಿಂಗ್ ಪುಡಿ ತಿಂದು ದುರುಗಮ್ಮನ ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಮನೆಯಲ್ಲಿ ಮೆಣಸಿನಕಾಯಿ ಮುರಿಯಲು ಮಗಳನ್ನು ಕರೆಯುತ್ತಿದ್ದಳು. ಗಂಡ ಪಾಲಯ್ಯ ಮಂಡಿಪೇಟೆಯಲ್ಲಿ ಮೂಟೆ ಹೊರುತ್ತಿದ್ದವನು. ಬೆನ್ನು ಮುರಿದುಕೊಂಡು ಮಲಗಿ ಎರಡು ವರ್ಷ. ಮಗಳು ಸಹನಾ ಹತ್ತನೇ ತರಗತಿ.

ಗಿರಿಯಮ್ಮನಿಗೆ ಅರವತ್ತು ದಾಟಿತ್ತು. ಏಜೆನ್ಸಿಯ ಕಾಗದದಲ್ಲಿ ಐವತ್ತೆರಡು. ಅವಳಿಗೆ ಇನ್ನೊಂದು ಕಷ್ಟವಿತ್ತು. ಹಿಂದೆ ಗರ್ಭಚೀಲ ತೆಗೆಸಿದ ಮೇಲೆ ಉಚ್ಚೆ ನಿಲ್ಲುತ್ತಿರಲಿಲ್ಲ. ಬಕೆಟ್ಟು ಎತ್ತಿದರೆ, ಕೆಮ್ಮಿದರೆ, ಬಗ್ಗಿದರೆ ಹೋಗುತ್ತಿತ್ತು. ಹಳೇ ಸೀರೆ ಹರಿದು, ನಾಲ್ಕು ಮಡಿಕೆ ಮಾಡಿ ಕಟ್ಟಿಕೊಂಡು ಬರುತ್ತಿದ್ದಳು. ಗೊತ್ತಾದರೆ ಕೆಲಸಕ್ಕೆ ಬ್ಯಾಡ ಅನ್ನುತ್ತಾರೆ. ದುರುಗಮ್ಮನಿಗೆ ಮಾತ್ರ ಗೊತ್ತಿತ್ತು. ಗಿರಿಯಮ್ಮನ ಪಾಲಿನ ಬಕೆಟ್ಟನ್ನೂ ಅವಳೇ ಮೇಲೆ ಒಯ್ಯುತ್ತಿದ್ದಳು.

ಆಸ್ಪತ್ರೆಗೆ ಯಾವುದೋ ಸರ್ಟಿಫಿಕೇಟು ಬೇಕಾಗಿತ್ತು. ತಪಾಸಣೆಗೆ ದೊಡ್ಡ ಊರಿನಿಂದ ಜನ ಬರುವವರಿದ್ದರು. ನೆಲ ಒರೆಸುವವರೂ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿದರೆ ಹೆಸರು ಬರುತ್ತದೆ ಎಂದು ಯಾರಿಗೋ ಹೊಳೆಯಿತು. ಎರಡು ಗಂಟೆಗೆ ಪಾಳಿ ಮುಗಿಸಿ ಹೋಗಬೇಕಾದವರನ್ನು ಮೂರರ ತನಕ ನೆಲಮಾಳಿಗೆಯಲ್ಲಿ ಕೂರಿಸಿದರು. ಬಟ್ಟೆ ಒಗೆಯುವ ಮಷೀನು ಪಕ್ಕದಲ್ಲೇ ಗಡಗಡ ಅನ್ನುತ್ತಿತ್ತು. ಕಲಿಸಲು ಬಂದವಳು ಪೂಜಾ. ಬಿ.ಎ. ಮುಗಿಸಿದ ಹುಡುಗಿ, ವಿದ್ಯಾನಗರದಲ್ಲಿ ಪಿ.ಜಿ.ಯಲ್ಲಿ ಇದ್ದಳು. ಅವಳದೂ ಏಜೆನ್ಸಿ ಕೆಲಸವೇ, ಬೆಳಿಗ್ಗೆಯೆಲ್ಲ ಆಸ್ಪತ್ರೆಯಲ್ಲೇ ಏಜೆನ್ಸಿಯ ಲೆಕ್ಕ ಬರೆಯುತ್ತಿದ್ದಳು.

ಮೊದಲ ವಾರ ವಸ್ತುಗಳು. ಫ್ಲೋರ್, ಬಕೆಟ್, ಬೆಡ್. ಫ್ಲೋರ್ ಈಸ್ ಡರ್ಟಿ. ಫ್ಲೋರ್ ಈಸ್ ಕ್ಲೀನ್. ಎರಡನೇ ವಾರ ಮನುಷ್ಯರು. ಪೂಜಾ ಗೋಡೆಗೆ ಒಂದು ಚಾರ್ಟು ಅಂಟಿಸಿದಳು. ಟಾಲ್, ಶಾರ್ಟ್. ಫ್ಯಾಟ್, ಥಿನ್. ಓಲ್ಡ್, ಯಂಗ್. ಫೇರ್, ಡಾರ್ಕ್. ಬ್ಯೂಟಿಫುಲ್, ಅಗ್ಲಿ.

"ಪೇಷಂಟು ಎಲ್ಲಾದ್ರೂ ಬಿದ್ದಿದ್ರೆ ಫೋನಿನಾಗ ಹೇಳ್ಬೇಕಲ್ರಿ, ಯಾರು, ಹೆಂಗಿದಾರೆ ಅಂತ. ಅದಕ್ಕೆ ಈ ಪಾಠ," ಅಂದಳು.

ಚಾರ್ಟಿನಲ್ಲಿ ಬ್ಯೂಟಿಫುಲ್ ಅಂತ ಬರೆದ ಕಡೆ ಒಂದು ಬೆಳ್ಳನೆಯ ಮುಖ. ಅಗ್ಲಿ ಅಂತ ಬರೆದ ಕಡೆ ಕರಿ ಮುಖ. ಎಲ್ಲರಿಗಿಂತ ಚಿಕ್ಕವಳು ಆಶಾ. ಅವಳೇ ಕೇಳಿದಳು.

"ಮೇಡಂ, ಡಾರ್ಕ್ ಇದ್ದೋರು ಬ್ಯೂಟಿಫುಲ್ ಇರಂಗಿಲ್ಲೇನ್ರಿ?"

ಪೂಜಾ ಚಾರ್ಟು ನೋಡಿದಳು. ಅವಳೂ ಆಗಲೇ ಮೊದಲ ಸಲ ನೋಡಿದಂತಿತ್ತು. "ಇರ್ತಾರೆ. ಚಾರ್ಟು ಹಂಗೆ ಬಂದೈತೆ," ಅಂದಳು. ಮರುದಿನ ಆ ಎರಡು ಚಿತ್ರದ ಮೇಲೆ ಬಿಳಿ ಹಾಳೆ ಅಂಟಿಸಿದ್ದಳು.

ಒಬ್ಬೊಬ್ಬರೇ ಎದ್ದು ನಿಲ್ಲಬೇಕು, ಉಳಿದವರು ಹೇಳಬೇಕು. ದುರುಗಮ್ಮ ಎದ್ದು ನಿಂತಾಗ ಎಲ್ಲರೂ ಕೂಗಿದರು. ಶಾರ್ಟ್. ಥಿನ್. ಡಾರ್ಕ್. ನಕ್ಕರು. ದುರುಗಮ್ಮನೂ ನಕ್ಕಳು. ತನ್ನವರು ತನ್ನನ್ನು ಕುಳ್ಳಿ ಅಂದರೆ, ಕರಿಯಾಕಿ ಅಂದರೆ ಅದರಲ್ಲಿ ಏನೂ ಇರಲಿಲ್ಲ. ಅವರ ಮೈಯೂ ಅದೇ. ಗಿರಿಯಮ್ಮನಿಗೆ ಮಾತ್ರ ಯಾವ ಶಬ್ದವೂ ಬಾಯಿಗೆ ಹತ್ತಲಿಲ್ಲ. ಯಾರು ಎದ್ದು ನಿಂತರೂ "ಗುಡ್" ಅನ್ನುತ್ತಿದ್ದಳು.

"ಚಿಕ್ಕಮ್ಮ, ಗುಡ್ ಅಂದ್ರೆ ಒಳ್ಳೇರು ಅಂತ. ನೋಡೋಕೆ ಹೆಂಗಿದಾರೆ ಅಂತ ಹೇಳ್ಬೇಕು."

"ನೋಡಾಕೂ ಚೆಂದನೇ ಅದಾರೆ ಬಿಡವ್ವ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ದುರುಗಮ್ಮ. ಬಸ್ಸಿನಲ್ಲಿ ಹೋಗುವಾಗ ಎದುರಿಗೆ ಕುಂತವರ ಮೇಲೆ ಒಳಗೊಳಗೇ ಪಾಠ ಒಪ್ಪಿಸುತ್ತಿದ್ದಳು. ಹೀ ಈಸ್ ಓಲ್ಡ್. ಶೀ ಈಸ್ ಟಾಲ್. ದಾವಣಗೆರೆ ಮುಟ್ಟುವ ಹೊತ್ತಿಗೆ ಬಸ್ಸಿನ ಅರ್ಧ ಜನ ಮುಗಿದಿರುತ್ತಿದ್ದರು. ಮಗಳಿಗೆ ಹೇಳಿದಳು. ಮಗಳು ತಿದ್ದಿದಳು. ಎರಡು ವರ್ಷದಿಂದ ಆ ಮನೆಯಲ್ಲಿ ಅಷ್ಟು ನಗು ಆಗಿರಲಿಲ್ಲ.

ಮೂರನೇ ವಾರದ ಗುರುವಾರ. ಮೂರನೇ ಮಹಡಿಯ ಸ್ಪೆಷಲ್ ರೂಮು. ಪೇಷಂಟು ಕಸ್ತೂರಮ್ಮ, ಮಂಡಿಪೇಟೆಯ ದೊಡ್ಡ ವ್ಯಾಪಾರಸ್ಥರ ಮನೆಯ ಹಿರಿಯಾಕಿ. ಜೊತೆಗಿದ್ದವಳು ಸೊಸೆ. ಬೆಳಿಗ್ಗೆ ದುರುಗಮ್ಮ ಆ ರೂಮಿನ ಬಚ್ಚಲು ತೊಳೆದಳು. ಗಿರಿಯಮ್ಮ ನೆಲ ಒರೆಸಿದಳು. ಆಶಾ ಕಸದ ಚೀಲ ಒಯ್ದಳು. ನರ್ಸು ಬಂದುಹೋದಳು, ಡಾಕ್ಟರು ಬಂದುಹೋದರು, ಕ್ಯಾಂಟೀನಿನ ಹುಡುಗಿ ಇಡ್ಲಿ ಕೊಟ್ಟುಹೋದಳು. ಹನ್ನೊಂದು ಗಂಟೆಗೆ ಕಸ್ತೂರಮ್ಮನ ಕೊರಳಿನ ಸರ ಇಲ್ಲ ಎಂದು ಗದ್ದಲ ಎದ್ದಿತು.

ದುರುಗಮ್ಮ ಆಗ ಅದೇ ಕಾರಿಡಾರಿನಲ್ಲಿ ಮಂಡಿಯೂರಿ ಗೋಡೆಯ ಅಂಚು ಉಜ್ಜುತ್ತಿದ್ದಳು. ಸೊಸೆ ನರ್ಸುಗಳ ಟೇಬಲ್ಲಿನ ಹತ್ತಿರ ನಿಂತು ಅಡ್ಮಿನ್ ಮೇಡಂಗೆ ಹೇಳುತ್ತಿದ್ದಳು. ಕೆಲಸದವಳು ಕೆಳಗೆ ಕುಂತಿದ್ದಾಳೆ ಎಂದು ನೋಡಿ, ದನಿ ತಗ್ಗಿಸಲಿಲ್ಲ, ಭಾಷೆ ಬದಲಾಯಿಸಿದಳು.

"ಶಾರ್ಟ್. ವೆರಿ ಡಾರ್ಕ್. ಥಿನ್." ಆಮೇಲೆ ಉದ್ದಕ್ಕೆ ಏನೋ ಅಂದಳು. ಅದು ತಿಳಿಯಲಿಲ್ಲ. ಕೊನೆಯ ಶಬ್ದ ತಿಳಿಯಿತು. "ಡರ್ಟಿ."

ದುರುಗಮ್ಮನ ಕೈ ನಿಂತಿತು.

ಹತ್ತು ವರ್ಷದಿಂದ ಈ ಕಾರಿಡಾರುಗಳಲ್ಲಿ ಇಂಗ್ಲಿಷು ಅವಳ ತಲೆಯ ಮೇಲೆ ಹಾಯ್ದು ಹೋಗುತ್ತಿತ್ತು. ಮಷೀನಿನ ಸದ್ದಿನ ಹಾಗೆ. ಅದರಲ್ಲಿ ತಾನು ಇದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು. ಡರ್ಟಿ ಅನ್ನೋದನ್ನು ಪೂಜಾ ಮೊದಲ ವಾರದಲ್ಲಿ ಕಲಿಸಿದ್ದಳು. ನೆಲಕ್ಕೆ ಹೇಳುವ ಮಾತು ಎಂದು ಕಲಿಸಿದ್ದಳು. ಮನುಷ್ಯರ ಚಾರ್ಟಿನಲ್ಲಿ ಅದು ಇರಲಿಲ್ಲ.

ಏಜೆನ್ಸಿ ಸೂಪರ್‌ವೈಸರ್ ಕೊಟ್ಟೂರೇಶ್ ಬಂದು ದುರುಗಮ್ಮ, ಗಿರಿಯಮ್ಮ, ಆಶಾ ಮೂವರನ್ನೂ ಕೆಳಗೆ ಕರೆದುಕೊಂಡು ಹೋದ. ನರ್ಸನ್ನು ಕರೆಯಲಿಲ್ಲ. ಇಡ್ಲಿ ತಂದವಳನ್ನು ಕರೆಯಲಿಲ್ಲ. ನೆಲಮಾಳಿಗೆಯಲ್ಲಿ ಬೆಡ್‌ಶೀಟು ಇಡುವ ಕೋಣೆ. ಒಳಗೆ ಒಬ್ಬ ಸೆಕ್ಯುರಿಟಿ ಹೆಂಗಸು.

"ಚೆಕಿಂಗು. ಒಳಗೆ ಹೋಗ್ರಿ," ಅಂದ ಕೊಟ್ಟೂರೇಶ್. ತಾನು ಬಾಗಿಲ ಹೊರಗೆ ನಿಂತ.

ಮೊದಲು ಆಶಾ. ಜಡೆ ಬಿಚ್ಚಿಸಿದರು. ಕೋಟು, ಕುಬಸ, ಲಂಗದ ಲಾಡಿ. ಆಶಾ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಅಳಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ. ಎಲ್ಲ ಮುಗಿದ ಮೇಲೆ ಲಾಡಿ ಕಟ್ಟಿಕೊಳ್ಳಲು ಅವಳಿಗೆ ಬರಲಿಲ್ಲ. ಗಂಟು ಹಾಕಿದಷ್ಟೂ ಬಿಚ್ಚಿಹೋಗುತ್ತಿತ್ತು. ದುರುಗಮ್ಮ ಕಟ್ಟಿದಳು.

"ಮುಂದೆ ನೀನು ಬಾರಜ್ಜಿ."

ಗಿರಿಯಮ್ಮ ಹಿಂದೆ ಸರಿದಳು. ಸರಿದಾಗಲೇ ಉಚ್ಚೆ ಹೋಗಿತ್ತು. ದುರುಗಮ್ಮ ಅವಳ ಮುಂದೆ ಬಂದು ನಿಂತಳು.

"ಅಕ್ಕಾರೆ, ಆಕೀನ ಬಿಡ್ರಿ. ವಯಸ್ಸಾಗೇತೆ. ಬೇಕಾದ್ರೆ ನನ್ನ ಎರಡು ಸಲ ನೋಡ್ರಿ."

"ಎಲ್ಲರದೂ ನೋಡ್ಬೇಕು ಅಂದಾರೆ. ನಂದೂ ಹೊಟ್ಟೆಪಾಡು. ಸರಿ ಆ ಕಡೆ."

ಸೆಕ್ಯುರಿಟಿಯವಳು ಗಿರಿಯಮ್ಮನ ಸೊಂಟಕ್ಕೆ ಕೈ ಹಾಕಿ ಸೀರೆ ಎಳೆದಳು. ಮಡಿಸಿ ಕಟ್ಟಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಗಂಟಿನ ಹಾಗೆ ಕಂಡಿರಬೇಕು. "ಇದೇನಿದು, ಇದ್ರಾಗ ಏನಿಟ್ಟಿ?" ಎಂದು ಬಗ್ಗಿದಳು. ವಾಸನೆ ಬಡಿಯಿತು. ಮೂಗು ಮುಚ್ಚಿಕೊಂಡು, ಬೂಟುಗಾಲಿನಿಂದ ಆ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಏನೂ ಇರಲಿಲ್ಲ. ಬಾಗಿಲ ಕಡೆ ತಿರುಗಿ ಹೇಳಿದಳು.

"ಸಾರ್, ಈ ಮುದುಕಿಗೆ ಉಚ್ಚೆ ನಿಲ್ಲಲ್ಲ."

ಹೊರಗಿನಿಂದ ಕೊಟ್ಟೂರೇಶ್, "ಹೌದಾ? ಮತ್ತೆ ಇಷ್ಟು ದಿನ ಹೇಳೇ ಇಲ್ಲ," ಅಂದ.

ಗಿರಿಯಮ್ಮ ಎರಡು ಕೈಯಿಂದಲೂ ಲಂಗ ಹಿಡಿದುಕೊಂಡು ನಿಂತಿದ್ದಳು. ಕಾಲಿನ ಮೇಲೆ ಇಳಿಯುತ್ತಿದ್ದುದನ್ನು ತಡೆಯಲು ಅವಳಿಗೆ ಆಗಲಿಲ್ಲ. ನೆಲ ನೋಡಿದಳು. ಆಮೇಲೆ, ಅಂಥ ಹೊತ್ತಿನಲ್ಲೂ, ಒರೆಸುವ ಬಟ್ಟೆಗಾಗಿ ಆಚೆ ಈಚೆ ಹುಡುಕಿದಳು. ತಾನು ಮಾಡಿದ ಒದ್ದೆ ತಾನೇ ಒರೆಸಬೇಕಲ್ಲ. ದುರುಗಮ್ಮ ನೋಡಲಾರದೇ ಹೋದದ್ದು ಅದನ್ನು.

ರ್ಯಾಕಿನಿಂದ ಒಂದು ಹೊಸ ಬಿಳಿ ಬೆಡ್‌ಶೀಟು ಎಳೆದಳು. ಗಿರಿಯಮ್ಮನಿಗೆ ಸುತ್ತಿದಳು.

"ಏಯ್, ಅದು ವಾರ್ಡಿಂದು. ನಿಂದು ಬಿಚ್ಚು ಈಗ," ಅಂದಳು ಸೆಕ್ಯುರಿಟಿ.

"ನಂದು ಬಿಚ್ಚಂಗಿಲ್ಲ."

"ಏನು?"

"ಬಿಚ್ಚಂಗಿಲ್ಲ ಅಂದೆ. ಪೊಲೀಸರನ್ನ ಕರಿ. ಬೇಕಾದ್ದು ಮಾಡು. ಬಿಚ್ಚಂಗಿಲ್ಲ."

ಬಾಗಿಲು ನೂಕಿ ಹೊರಗೆ ಬಂದಳು. ಕೊಟ್ಟೂರೇಶ್ ಕೈ ಅಡ್ಡ ಹಿಡಿದ. ಅವನ ಕೈಯ ಕೆಳಗೆ ಬಗ್ಗಿ ನಡೆದಳು. ಮೆಟ್ಟಿಲ ಕಡೆ ಹೋಗಲಿಲ್ಲ. ಲಿಫ್ಟಿನ ಮುಂದೆ ನಿಂತು ಗುಂಡಿ ಒತ್ತಿದಳು. ಒಳಗೆ ಇದ್ದ ಇಬ್ಬರು ಅವಳ ನೀಲಿ ಕೋಟು ನೋಡಿ ಮೂಲೆಗೆ ಸರಿದರು. ಒಳಗಿನ ಕನ್ನಡಿಯಲ್ಲಿ ತನ್ನನ್ನು ನೋಡಿದಳು.

ಕಸ್ತೂರಮ್ಮನ ರೂಮಿನಲ್ಲಿ ಸೊಸೆ, ಅಡ್ಮಿನ್ ಮೇಡಂ ಇಬ್ಬರೂ ಇದ್ದರು.

"ಮೇಡಂ, ಕೆಳಗ ನಮ್ಮ ಚಿಕ್ಕಮ್ಮನ ಬರಿಮೈ ಮಾಡ್ಯಾರೆ. ಯಾಕ? ನಾವು ಶಾರ್ಟು, ಡಾರ್ಕು ಅಂತೇನು?"

ಸೊಸೆಯ ಮುಖ ಬಿಳಿಚಿಕೊಂಡಿತು. "ನಿಂಗೆ ಇಂಗ್ಲಿಷ್ ಬರುತ್ತಾ?"

"ನೀವು ನನಗ ಅಂದಿದ್ದಷ್ಟು ಬರ್ತದೆ. ಡರ್ಟಿ ಅಂದ್ರಿ. ಇವತ್ತು ಬೆಳಿಗ್ಗೆ ನಿಮ್ಮ ಬಚ್ಚಲು ತೊಳೆದಾಕಿ ನಾನು. ಅದ್ರಾಗ ಇದ್ದಿದ್ದು ಯಾರದು ಅಂತ ನಾನು ಕೇಳಿದ್ನೇನು?"

"ಮೈಂಡ್ ಯುವರ್ ಟಂಗ್," ಅಂದಳು ಅಡ್ಮಿನ್ ಮೇಡಂ. ಅದು ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಗದ್ದಲಕ್ಕೆ ಕಸ್ತೂರಮ್ಮ ಕಣ್ಣು ಬಿಟ್ಟಳು. "ಏನಾತೆ?" ಎಂದು ಕೇಳಿದಳು. ಸೊಸೆ ಹೇಳಿದಳು. ಮುದುಕಿ ತಲೆ ಆಡಿಸಿದಳು.

"ಸರ ನಾನೇ ಬಿಚ್ಚಿ ಬಕ್ಕೇಶನ ಕೈಯಾಗ ಕೊಟ್ಟೀನಲ್ಲೇ. ನಿನ್ನೆ ಸ್ಕ್ಯಾನಿಂಗಿಗೆ ಕರಕೊಂಡು ಹೋಗೋ ಮುಂದ. ಅವನನ್ನ ಕೇಳ್ಬಾರದೇನು?"

ಮಗನಿಗೆ ಫೋನು ಹೋಯಿತು. ಸರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು.

"ಅಬ್ಬ, ಸಿಕ್ತಲ್ಲ," ಅಂದಳು ಅಡ್ಮಿನ್ ಮೇಡಂ. "ನಡಿ, ಡ್ಯೂಟಿ ನೋಡು."

ದುರುಗಮ್ಮ ಕದಲಲಿಲ್ಲ. "ಇಬ್ಬರೂ ಕೆಳಗ ಬರ್ರಿ. ಆಶಾಗೂ ನಮ್ಮ ಚಿಕ್ಕಮ್ಮಗೂ ತಪ್ಪಾತು ಅಂತ ಹೇಳ್ರಿ."

"ನಾನ್ಯಾಕೆ? ಚೆಕ್ ಮಾಡಿದ್ದು ನಾನಲ್ಲ," ಅಂದಳು ಸೊಸೆ.

"ಏಜೆನ್ಸಿಯವರು ಮಾಡಿದ್ದು," ಅಂದಳು ಅಡ್ಮಿನ್ ಮೇಡಂ.

ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಕೊಟ್ಟೂರೇಶ್, "ಆಸ್ಪತ್ರೆ ರೂಲ್ಸು," ಅಂದ.

ಯಾರೂ ಮಾಡಿರಲಿಲ್ಲ. ಆದರೆ ಆಗಿತ್ತು.

ಕಸ್ತೂರಮ್ಮ ಏನೋ ಹೇಳಲು ಬಾಯಿ ತೆರೆದಳು. ಸೊಸೆ ಹೊದಿಕೆ ಸರಿಮಾಡಿ, "ನೀವು ಮಲಗ್ರಿ ಅತ್ತಿ," ಅಂದಳು. ಮುದುಕಿ ಗೋಡೆ ಕಡೆ ತಿರುಗಿದಳು.

ದುರುಗಮ್ಮ ಆ ರೂಮಿನ ಬಾಗಿಲಲ್ಲೇ ಕುಂತುಬಿಟ್ಟಳು. ತಪ್ಪಾತು ಅನ್ನುವ ತನಕ ಏಳಂಗಿಲ್ಲ ಅಂದಳು. ಅರ್ಧ ಗಂಟೆ ಕುಂತಳು. ಮೆಟ್ಟಿಲ ಕಡೆಯಿಂದ ಹೆಂಗಸರು ಇಣುಕಿದರು. ಅವಳು ಒಬ್ಬೊಬ್ಬರ ಕಣ್ಣನ್ನೂ ನೋಡಿದಳು. ಒಬ್ಬಳೂ ಬಂದು ಪಕ್ಕ ಕೂರಲಿಲ್ಲ. ಅವರ ಮನೆಗಳು ಅವಳಿಗೆ ಗೊತ್ತಿದ್ದವು. ಸಿಟ್ಟು ಬರಲಿಲ್ಲ. ಎದೆ ಮಾತ್ರ ಬರಿದಾಯಿತು. ಆಮೇಲೆ ಬಕೆಟ್ಟು ಹಿಡಿದು ಕಾರಿಡಾರಿಗೆ ಬಂದವಳನ್ನು ನೋಡಿದಳು. ಗಿರಿಯಮ್ಮ. ಸೀರೆ ಉಟ್ಟುಕೊಂಡಿದ್ದಳು. ಕೊಟ್ಟೂರೇಶ್ ಅವಳಿಗೆ ಏನು ಹೇಳಿ ಕಳಿಸಿದ್ದನೋ. ದುರುಗಮ್ಮನ ಕಡೆ ನೋಡದೆ ಬಗ್ಗಿ, ಅವಳು ಅರ್ಧಕ್ಕೆ ಬಿಟ್ಟಿದ್ದ ಗೋಡೆಯ ಅಂಚನ್ನು ಉಜ್ಜತೊಡಗಿದಳು.

ಯಾರ ಸಲುವಾಗಿ ಕುಂತಿದ್ದಳೋ ಅವಳೇ ಕೆಲಸಕ್ಕೆ ಇಳಿದಿದ್ದಳು. ಇಬ್ಬರು ಸೆಕ್ಯುರಿಟಿಯವರು ದುರುಗಮ್ಮನ ರೆಟ್ಟೆ ಹಿಡಿದು ಎಬ್ಬಿಸಿದರು. ಕೋಟು ಬಿಚ್ಚಿಸಿಕೊಂಡು ಗೇಟಿನ ಹೊರಗೆ ಬಿಟ್ಟರು.

ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ನಡೆದಳು. ಅಲ್ಲಿದ್ದವರು ಕೇಳಿದರು. "ಸರ ಸಿಕ್ತಂತಲ್ಲ. ಮತ್ತೇನು ಕಂಪ್ಲೇಂಟು?" ಬರಿಮೈ ಮಾಡಿದರು ಅಂದಳು. "ನಿನ್ನನ್ನಾ?" ನನ್ನನ್ನಲ್ಲ ಅಂದಳು. "ಹಂಗಾದ್ರೆ ಅವರನ್ನ ಕರಕೊಂಡು ಬಾ."

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಗಿರಿಯಮ್ಮ ಸಿಕ್ಕಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ. ಕಂಬಿ ಹಿಡಿದು ಹರಿಹರದ ತನಕ ನಿಂತೇ ಬಂದಳು. ಸ್ಟೇಷನ್ನಿಗೆ ಬಾ ಚಿಕ್ಕಮ್ಮ ಎಂದು ದುರುಗಮ್ಮ ಕೇಳಿದಳು. ಕೇಳಿದ ಕೂಡಲೇ ಯಾಕಾದರೂ ಕೇಳಿದೆನೋ ಅನ್ನಿಸಿತು.

"ಅಲ್ಲಿ ಮತ್ತೆ ಹೇಳ್ಬೇಕಲ್ಲವ್ವ, ಏನು ಬಿತ್ತು ಅಂತ," ಅಂದಳು ಗಿರಿಯಮ್ಮ. ಇಳಿದು ಮನೆಗೆ ಹೋದಳು.

ಪಾಲಯ್ಯ ಎಲ್ಲ ಕೇಳಿ, "ನಾಳೆ ಕಾಲಿಗೆ ಬಿದ್ದರಾದ್ರೂ ತಗೋತಾರೇನು ಕೇಳು," ಅಂದ. ಅಂದವನೇ ಮುಖದ ಮೇಲೆ ಕೈ ಇಟ್ಟುಕೊಂಡ. ಸಹನಾ ಅಮ್ಮನ ಪಕ್ಕ ಬಂದು, ಮೆಣಸಿನಕಾಯಿ ತಾನೇ ಮುರಿದಳು.

ಬೆಳಿಗ್ಗೆ ದುರುಗಮ್ಮ ಅದೇ ಐದೂವರೆಯ ಬಸ್ಸು ಹತ್ತಿದಳು. ಕಾಲಿಗೆ ಬೀಳಲು ಹೋಗುತ್ತಿದ್ದಾಳೋ ಇನ್ನೇನು ಮಾಡಲು ಹೋಗುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಬಂದಾಗ ಮೊಣಕಾಲು ಬಗ್ಗಿದವು. ಕಾಲು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಫುಟ್‌ಪಾತಿನ ಮೇಲೆ ಕುಂತಳು. ಕುಂತ ಮೇಲೆ, ಕುಂತುಕೊಳ್ಳಲೇ ಬಂದದ್ದು ಎಂದು ತಿಳಿಯಿತು.

"ಇಲ್ಲಿ ಕುಂದ್ರಬ್ಯಾಡ," ಅಂದ ಗೇಟಿನವನು.

"ರಸ್ತೆ ನಿಮ್ಮ ಆಸ್ಪತ್ರೇದಲ್ಲ."

ಪಾಳಿಯ ಹೆಂಗಸರು ಒಬ್ಬೊಬ್ಬರೇ ಅವಳ ಮುಂದಿನಿಂದ ಒಳಗೆ ಹೋದರು. ಆಶಾ ಬಂದಿರಲಿಲ್ಲ. ಗಿರಿಯಮ್ಮ ಒಂದು ಗಳಿಗೆ ನಿಂತಳು. ಕೈಯಲ್ಲಿದ್ದ ಬುತ್ತಿಯನ್ನು ದುರುಗಮ್ಮನ ಪಕ್ಕ ಇಟ್ಟು ಒಳಗೆ ಹೋದಳು. ಬಿಸಿಲು ಏರಿತು. ಆಟೋದವರು ನೋಡಿಕೊಂಡು ಹೋದರು. ಒಬ್ಬರು ಭಿಕ್ಷುಕಿ ಎಂದು ತಿಳಿದು ನಾಣ್ಯ ಎಸೆದರು. ದುರುಗಮ್ಮ ಅದನ್ನು ಎತ್ತಿ ರಸ್ತೆಗೆ ಒಗೆದಳು.

ಹನ್ನೊಂದರ ಸುಮಾರಿಗೆ ಗೇಟಿನ ಸಣ್ಣ ಬಾಗಿಲು ತೆರೆಯಿತು. ಗಿರಿಯಮ್ಮ ಹೊರಗೆ ಬಂದಳು. ಮೈಮೇಲೆ ಕೋಟಿರಲಿಲ್ಲ. ಕಷ್ಟಪಟ್ಟು ಗೋಡೆ ಹಿಡಿದು ದುರುಗಮ್ಮನ ಪಕ್ಕ ಕುಂತಳು.

"ಹೆಬ್ಬೆಟ್ಟು ಒತ್ತು ಅಂದ," ಅಂದಳು. "ಕೊಟ್ಟೂರೇಶ. ಹಾಜರಿ ಕಾಗದ ಅಂದ. ಎರಡು ಹಾಳೆ ತುಂಬ ಇಂಗ್ಲಿಷು. ಹಾಜರಿಗೆ ಅಷ್ಟ್ಯಾಕ ಬರೀತಾರೆ? ಪೂಜಮ್ಮನ ಹತ್ರ ಒಯ್ದೆ. ಓದವ್ವ ಅಂದೆ. ಆ ಹುಡುಗಿ ಓದ್ತಾ ಓದ್ತಾ ಅಳಾಕತ್ತಿದ್ಲು."

"ಏನಿತ್ತು?"

"ನನ್ನ ಮೈ ಯಾರೂ ಮುಟ್ಟಿಲ್ಲಂತೆ. ನೀನೇ ಸೆಕ್ಯುರಿಟೀನ ಹೊಡೆದಿ ಅಂತೆ. ಆಮೇಲೆ ನಿನ್ನ ಬಗ್ಗೆ ಮೂರು ಮಾತು. ರೂಡು. ವಯಲೆಂಟು. ಇನ್ನೊಂದು ಡಿಸ್‌ ಅಂತ ಏನೋ. ಹಂಗಂದ್ರೆ ಕಳ್ಳಿ ಅಂತಂತೆ." ಗಿರಿಯಮ್ಮ ಉಸಿರು ಎಳೆದುಕೊಂಡಳು. "ಇವನ್ನ ನಮಗ ಕಲಿಸಿಲ್ಲಲ್ಲವ್ವ ಅಂದೆ. ಇವು ಪಾಠದಾಗ ಇಲ್ಲಜ್ಜಿ ಅಂದ್ಲು. ಒತ್ತಬ್ಯಾಡ್ರಿ ಅಂದ್ಲು. ಅಷ್ಟು ಹೇಳಿದ್ದಕ್ಕೆ ಆ ಹುಡುಗಿ ಕೆಲಸಾನೂ ಹೋಗ್ತದೋ ಏನೋ."

"ಮತ್ತೆ ನೀನು?"

"ಒತ್ತಲಿಲ್ಲ. ಮಸಿ ಹಚ್ಚಿದ್ರು ಬೆರಳಿಗೆ. ಮುಷ್ಟಿ ಕಟ್ಟಿದೆ. ಕೈ ಹಿಡಿದು ಎಳೆದ. ಬಿಡಿಸಾಕೆ ಆಗಲಿಲ್ಲ ಅವನಿಗೆ." ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈ ತುಂಬ ಮಸಿ ಮೆತ್ತಿತ್ತು. "ಸ್ಟೇಷನ್ನಿಗೆ ಬರ್ತೀನಿ. ಏನು ಬಿತ್ತು ಅಂತ ಹೇಳ್ತೀನಿ. ಅವರೆಲ್ಲರಿಗೂ ಗೊತ್ತಾಗೇತೆ, ಇನ್ನು ಯಾರಿಗೆ ಮುಚ್ಚಲಿ?"

ನಾಳೆಯಿಂದ ಎರಡು ಮನೆಯ ಒಲೆ ಹೆಂಗೆ ಉರಿಯಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಬರೆದುಕೊಳ್ಳುತ್ತಾರೆ ಎಂಬ ನಂಬಿಕೆಯೂ ಇರಲಿಲ್ಲ.

ಗೇಟಿನವನು ಯಾರಿಗೋ ಫೋನು ಮಾಡಿದ. ಒಳಗಿನಿಂದ ಉದ್ದನೆಯ ಪೈಪು ಎಳೆದು ತಂದ. ಫುಟ್‌ಪಾತು ತೊಳೀಬೇಕು, ಏಳ್ರಿ ಅಂದ. ನೀರು ಬಿಟ್ಟ. ನೀರು ಕಸ ಕೊಚ್ಚಿಕೊಂಡು ಇಬ್ಬರ ಕಡೆ ಬಂತು.

"ಚಿಕ್ಕಮ್ಮ, ಏಳ್ತೀಯಾ?"

"ಮೂವತ್ತು ವರ್ಷ ಇವರ ನೆಲ ತೊಳೆದೀನಿ," ಅಂದಳು ಗಿರಿಯಮ್ಮ. "ಇವತ್ತು ಒಂದಿನ ಅವನೂ ತೊಳೀಲಿ."

ನೀರು ಸೀರೆಯ ಕೆಳಗೆ ಹರಿಯಿತು. ಗಿರಿಯಮ್ಮ ಬುತ್ತಿಯ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚಿದಳು. ರೊಟ್ಟಿಯನ್ನು ಎರಡು ಮಾಡಿ ಒಂದನ್ನು ದುರುಗಮ್ಮನಿಗೆ ಕೊಟ್ಟಳು. ಸ್ಟೇಷನ್ನಿಗೆ ನಡೆಯಬೇಕಿತ್ತು. ಇಬ್ಬರೂ ಕುಂತು ತಿಂದರು.